ಬನಿಯನ್ ಮೇಲಿನ ಕೆಂಪು

ತಮಿಳುನಾಡಿನಲ್ಲಿದ್ದೂ ಮನೆಯೊಳಗೆ ಕನ್ನಡ ಆಡುವ ನಮ್ಮ ಜನರಲ್ಲಿ ಬುದ್ಧಿಮಾತಿಗೆ ಎಂದೂ ಬರವಿಲ್ಲ. ಜಗಲಿಯ ಮೇಲೆ ಕೂತವರು ಕೇಳದಿದ್ದರೂ ಹೇಳುತ್ತಾರೆ. ಹಾಗಿರುವಾಗ ೧೯೮೬ರಲ್ಲಿ ನಾನು ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯಂ ಕಡೆಯ ಮಿಲ್ಲೊಂದರ ಕೆಲಸ ಬಿಟ್ಟು, ತಿರುಪ್ಪೂರಿನಲ್ಲಿ ಕೋಣೆ ಹಿಡಿದು, 'ಶಾರದ, ಜವಳಿ ಸಲಹೆಗಾರರು' ಎಂದು ತಮಿಳಿನಲ್ಲಿ ಬೋರ್ಡು ಹಾಕಿದಾಗ ನೆಂಟರೆಲ್ಲ ನಕ್ಕರು.

"ಬುದ್ದಿ ಹೇಳಾಕೂ ಬೋರ್ಡಾ ಅಮ್ಮಣಿ?" ಎಂದರು ಜಯರಾಮನ್ ಮಾಮ, ಅಮ್ಮನ ತಮ್ಮ.

ನಗಲಿ ಬಿಡಿ. ನಾನು ಜವಳಿ ಎಂಜಿನಿಯರಿಂಗ್ ಓದಿದವಳು. ಮಿಲ್ಲಿನಲ್ಲಿ ನಾನು ಕಂಡುಹಿಡಿದದ್ದನ್ನೆಲ್ಲ ಮ್ಯಾನೇಜರು ತನ್ನದೆಂದು ಹೇಳಿಕೊಂಡು ಮೆರೆಯುತ್ತಿದ್ದ. ಇನ್ನು ಮುಂದೆ ನನ್ನ ಮಾತು ನನ್ನ ಹೆಸರಿನಲ್ಲೇ ಹೋಗಬೇಕು ಎನ್ನುವುದು ನನ್ನ ಹಟ.

ಮಾಮ ನೂಲಿನ ದಲ್ಲಾಳಿ. ನಕ್ಕರೂ ಮೊದಲ ದೊಡ್ಡ ಗಿರಾಕಿಯನ್ನು ಹಿಡಿದು ಕೊಟ್ಟವರು ಅವರೇ. ದೇವರಾಜನ್ ನಮ್ಮವರೇ, ಮೂರ್ನಾಲ್ಕು ಬನಿಯನ್ ಕಂಪನಿಗಳ ಮೊದಲಾಳಿ, ಅಂದರೆ ಮಾಲೀಕರು. ಅವರ ಬಿಳಿ ಬನಿಯನ್‌ಗಳ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಬಂದು, ಹೊರದೇಶದ ವ್ಯಾಪಾರಿ ಸರಕನ್ನು ತಿರುಗಿಸಿದ್ದ.

"ಎಲ್ಲಾ ಆ ಚಿನ್ನತಾಯಿ ಕೂಟದ ಎಲೆಅಡಿಕೆ ಕೆಲ್ಸ," ಎಂದರು ದೇವರಾಜನ್. ಬಟ್ಟೆ ಮಡಿಸುತ್ತಿದ್ದ ಚಿನ್ನತಾಯಿಯನ್ನೂ ಅವಳ ಜೊತೆಯವರನ್ನೂ ಆಗಲೇ ಮನೆಗೆ ಕಳಿಸಿಯಾಗಿತ್ತು. "ನೀ ಎಂಜಿನಿಯರು. ಅದನ್ನೇ ಬರ್ದು ಕೊಡು, ವ್ಯಾಪಾರಿ ನಂಬ್ತಾನೆ. ಆಮೇಲೆ ನಮ್ ಎಲ್ಲಾ ಕಂಪನಿಗೂ ನೀನೇ ಸಲಹೆಗಾರ್ತಿ."

ಉತ್ತರವನ್ನು ಮೊದಲೇ ಕೊಟ್ಟು ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಟ್ಟೆಯ ಉರುಳೆಗಳನ್ನೆಲ್ಲ ಬಿಚ್ಚಿಸಿ ನೋಡಿದೆ. ಶುಕ್ರವಾರ ಹೆಣೆದ ಬಟ್ಟೆಯಲ್ಲಿ ಮಾತ್ರ ಕೆಂಪು. ಮುಂದಿನ ಶುಕ್ರವಾರ ಮಾಮನ ಜೊತೆ ಬೆಳಿಗ್ಗೆಯೇ ಹೋಗಿ ನಿಂತೆ. ಮೊದಲಾಳಿಯ ತಾಯಿ ಕಾಮಾಕ್ಷಿಯಮ್ಮ ಮಿಂದು, ಮಡಿಯುಟ್ಟು, ಒಂದೊಂದು ಯಂತ್ರಕ್ಕೂ ಕೈತುಂಬ ಅರಿಶಿನ ಬಳಿದು ಕೈಮುಗಿಯುತ್ತಿದ್ದರು. ನೂಲು ಓಡುವ ಜಾಗದ ಪಕ್ಕದಲ್ಲೇ.

ಮಾಮ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ತೋಳು ಚಿವುಟಿದರು. "ಬಾವಿ ನೀರು ಸರಿಯಿಲ್ಲ ಅನ್ನು. ಬಾವಿ ಬಂದು ಜಗಳಕ್ಕೆ ನಿಲ್ಲಲ್ಲ."

ಬಾವಿ ನಿಲ್ಲುವುದಿಲ್ಲ, ನಿಜ. ಆದರೆ ಚಿನ್ನತಾಯಿ ಕೆಲಸ ಕಳೆದುಕೊಂಡು ಕೂತಿದ್ದಳು. ಮೊದಲ ಸಲಹೆಯೇ ಸುಳ್ಳಾದರೆ ಬೋರ್ಡಿನ ಮೇಲೆ ನನ್ನ ಹೆಸರು ಯಾಕೆ?

"ಅಮ್ಮಾ, ಆರತಿ ನೀರು ಕೆಂಪಾಗಾಕೆ ಏನ್ ಹಾಕ್ತೀರಿ?" ಎಂದು ಕೇಳಿದೆ.

"ಅರಿಶಿನ, ಸುಣ್ಣ. ನಿಮ್ಮವ್ವ ಹೇಳ್ಕೊಟ್ಟಿಲ್ವಾ?" ಎಂದರು ಕಾಮಾಕ್ಷಿಯಮ್ಮ.

ಆಗಷ್ಟೇ ಹೆಣೆದಿದ್ದ ಬಟ್ಟೆಗೆ ಸುಣ್ಣದ ನೀರು ಹಚ್ಚಿದೆ. ಇನ್ನೂ ಬಿಳುಪು ಮಾಡದ ಹಸಿ ಬಟ್ಟೆಯ ಬಣ್ಣವೇ ಮಾಸಲು ಹಳದಿ. ಅದರಲ್ಲಿ ಅರಿಶಿನದ ಕಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಎಲ್ಲರ ಕಣ್ಣೆದುರೇ ಕೆಂಪು ಚುಕ್ಕೆಗಳೆದ್ದವು.

"ಬಿಳುಪು ಮಾಡೋ ಸೋಡಾ ನೀರಲ್ಲೂ ಹಿಂಗೇ ಆಗ್ತದೆ. ಚಿನ್ನತಾಯಿ ತಪ್ಪೇನೂ ಇಲ್ಲ," ಎಂದೆ.

ಕಾಮಾಕ್ಷಿಯಮ್ಮ ತಮ್ಮ ಹಳದಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ದೇವರಾಜನ್ ಕಿರುಚಿದರು: "ನಮ್ಮವ್ವ ಲಕ್ಷ್ಮಿಗಿಟ್ಟ ಅರಿಶಿನ ನಿನ್ಗೆ ಕೊಳೆಯಾ? ನಡಿ ಹೊರ್ಗೆ!"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಾಮ ಬಸ್‌ಸ್ಟ್ಯಾಂಡಿನವರೆಗೂ ನನ್ನನ್ನು ಬಯ್ಯುತ್ತಲೇ ಬಂದರು. ನನಗೆ ಭಯವಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ನಾಚಿಕೆಯಾಗಿರಲಿಲ್ಲ.

ನನ್ನ ಬಾಗಿಲು ಮುಚ್ಚಿಸಲೆಂದು ದೇವರಾಜನ್ ಟೀ ಅಂಗಡಿ, ನೂಲಿನ ಮಂಡಿ ಒಂದನ್ನೂ ಬಿಡದೆ ಸಾರಿದರು: ಯಂತ್ರಕ್ಕಿಟ್ಟ ಅರಿಶಿನವೇ ಕಲೆ ಅಂದು ಪೂಜೆಗೇ ಕೈಹಾಕಿದ ಹೆಂಗಸು, ಅವಳನ್ನು ಒಳಗೆ ಬಿಡಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳಿದ ಮೊದಲಾಳಿಗಳೆಲ್ಲ ಓಡಿಹೋಗಿ ತಂತಮ್ಮ ಯಂತ್ರ ನೋಡಿಕೊಂಡರು. ಯಾರ ಮನೆಯಲ್ಲಿ ಶುಕ್ರವಾರವಿಲ್ಲ? ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬಂದರು. ಮೊದಲಾಳಿಯ ತಾಯಿಯ ಎದುರೇ ಹೇಳಿದವಳು ನಮಗೆ ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಲೆಕ್ಕ. ಅರಿಶಿನವನ್ನು ಹೊಸ್ತಿಲಿಗೆ ಹಚ್ಚಿ, ಯಂತ್ರಕ್ಕೆ ಹೂ ಮುಡಿಸಿ ಎಂದೆ. ಕಲೆ ನಿಂತಿತು. ಅರಿಶಿನದಿಂದ ಶುರುವಾದದ್ದು ಬಣ್ಣ, ನೂಲು, ಹೊಸ ಯಂತ್ರ ಎಂದು ಬೆಳೆಯಿತು. ಕೊಯಮತ್ತೂರಿನ ಮಿಲ್ಲುಗಳಿಂದಲೂ ಕರೆ ಬಂತು.

ಮರುವರ್ಷ ದೇವರಾಜನ್ ತಾವೇ ಬಂದರು. ಅವರೂ ಗುಟ್ಟಾಗಿ ಅರಿಶಿನವನ್ನು ಹೊಸ್ತಿಲಿಗೆ ಇಳಿಸಿದ್ದರು. ಊರಿಗೆ ಮಾತ್ರ ಬಾವಿ ಬದಲಾಯಿಸಿದೆ ಎಂದಿದ್ದರು. ಎಲೆಅಡಿಕೆ ಉಗಿದವಳೆಂಬ ಹೆಸರು ಹೊತ್ತ ಚಿನ್ನತಾಯಿಗೆ ಇನ್ನೂ ಎಲ್ಲೂ ಕೆಲಸ ಸಿಕ್ಕಿರಲಿಲ್ಲ.

"ಹಳೇದೆಲ್ಲಾ ಬಿಡು ಅಮ್ಮಣಿ. ನಮ್ ಎಲ್ಲಾ ಕಂಪನಿಗೂ ನೀನೇ ಸಲಹೆಗಾರ್ತಿ. ಕಾರ್ ತಂದೀನಿ, ಹತ್ತು," ಎಂದರು.

ಪಕ್ಕದಲ್ಲಿದ್ದ ಮಾಮ ನನಗಿಂತ ಮೊದಲೇ ಎದ್ದು ನಿಂತರು.

"ಚಿನ್ನತಾಯಿ?" ಎಂದೆ.

"ಆಳ್ ಕಳ್ಸಿ ಹೇಳ್ತೀನಿ, ಬರ್ಲಿ."

"ಆಳ್ ಬೇಡ. ನೀವೇ ಈ ಕಾರ್ ತಕೊಂಡು ಅವಳ ಬೀದಿಗೆ ಹೋಗಿ. ಬೀದಿಯೆಲ್ಲಾ ನೋಡೋ ಹಂಗೆ ಅವಳನ್ನ ಕೂರ್ಸ್ಕೊಂಡು ಕಂಪನಿಗೆ ಬನ್ನಿ," ಎಂದೆ. "ನಾ ಬಸ್ಸಲ್ಲಿ ಬತ್ತೀನಿ."