ಹಾಡಿನಲ್ಲಿ ಬಂದ ಮಾತು

ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ ಹಾಕಿದ್ದ ದೇವಪುತ್ರನಿಗೆ ಕೆಲವೇ ವರ್ಷಗಳಲ್ಲಿ ದಂಧೆ ಕೈಹಿಡಿದಿತ್ತು. ಒಂದಿದ್ದ ಶೆಡ್ ಮೂರಾಯಿತು, ತಗಡಿನ ಪತ್ರಾಸಿನ ಮನೆ ಹೋಗಿ ಆರ್‌ಸಿಸಿ ಮನೆ ಎದ್ದಿತು. ಆದರೆ ವಾರಾವಾರ ಬಸ್ಸು ಹಿಡಿದು ವಿಜಯಪುರದ ಚರ್ಚಿಗೆ ಹೋಗುತ್ತಿದ್ದ ಗಂಡ ಹೆಂಡಿರು, ಕಾರು ಬಂದ ಮೇಲೆ ತಿಂಗಳಿಗೊಮ್ಮೆಯೂ ಹೋಗದಂತಾದರು. ವ್ಯಾಪಾರಿಗಳು ಬರುವುದೇ ರವಿವಾರ. ಊಟಕ್ಕೆ ಮೊದಲು ಇಬ್ಬರೂ ಕೂತು ಹಾಡಿ ಪ್ರಾರ್ಥಿಸುವ ರೂಢಿಯೂ ತಪ್ಪಿತು.

"ದೇವರು ಎಲ್ಲಾ ಕೊಟ್ಟಾನ, ಮತ್ತೇನ ಕೇಳೂದೈತಿ?" ಎಂದು ದೇವಪುತ್ರ ನಗುತ್ತಿದ್ದ. ಹೆಂಡತಿ ಚಂದ್ರಕಲಾಳಿಗೂ ಅದು ಸರಿಯೆನಿಸುತ್ತಿತ್ತು.

ಫೆಬ್ರುವರಿಯ ಒಂದು ಮುಂಜಾನೆ ಅವನ ಬಲಗೈಯಿಂದ ಚಹದ ಕಪ್ಪು ಜಾರಿತು. ಏನೋ ಹೇಳಲು ಹೋದ. ಬಾಯಿ ಸೊಟ್ಟಗಾಯಿತೇ ಹೊರತು ಮಾತು ಹೊರಡಲಿಲ್ಲ. ಲಕ್ವಾ ಹೊಡೆದಿತ್ತು. ಶೆಡ್ಡಿನ ಪಾಲುದಾರ ಯಾಕೂಬ ಅವನನ್ನು ಕಾರಿಗೆ ಹಾಕಿಕೊಂಡು ವಿಜಯಪುರದ ಆಸ್ಪತ್ರೆಗೆ ಒಯ್ದ. ಜೀವ ಉಳಿಯಿತು. ಮನೆಗೆ ಬಂದಾಗ ಕೋಲು ಹಿಡಿದು ನಡೆಯುತ್ತಿದ್ದ, ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಬಾಯಲ್ಲಿ ಒಂದು "ಹಾಂ" ಮಾತ್ರ ಉಳಿದಿತ್ತು. ನೀರು ಬೇಕಾದರೂ ಹಾಂ, ಬೇಡವಾದರೂ ಹಾಂ. ಹೆಂಡತಿಯ ಹೆಸರು ಕರೆಯಲು ಹೋಗಿ, ಬಾರದೆ, ತೊಡೆಗೆ ಗುದ್ದಿಕೊಂಡು ಅಳುತ್ತಿದ್ದ.

ಬಬಲೇಶ್ವರದಿಂದ ಚಂದ್ರಕಲಾಳ ತಾಯಿ ಬಂದಳು. ರೊಟ್ಟಿ ಬಡಿಯುತ್ತಿದ್ದ ಅವಳ ಪಕ್ಕ ಕೂತು ಮಗಳು ಕೇಳಿದಳು, "ಯವ್ವಾ, ನಾವು ಮರತೀವಂತ ದೇವರು ಹಿಂಗ ಹೊಡದಾನೇನ?"

ತಾಯಿಯ ಕೈ ನಿಂತಿತು. "ಹುಚ್ಚಿ, ಸೇಡ ತೀರಿಸ್ಕೊಳ್ಳಾಕ ಅಂವೇನ ನಮ್ಮ ದಾಯಾದಿ ಏನ? ನಿಮ್ಮಪ್ಪ ಹೋದಾಗ ನಾನೂ ಹಂಗ ಅಂದಿದ್ದೆ. ಯಾಕ ಅನ್ನೂದು ನನಗ ಇವತ್ತಿಗೂ ತಿಳದಿಲ್ಲ. ಆದರ ನನ್ನ ಒಬ್ಬಾಕಿನ್ನ ಬಿಟ್ಟಿಲ್ಲ ಬೇ ಅಂವ. ಸಿಟ್ಟ ಬಂದ್ರ ಸಿಟ್ಟಲೇ ಮಾತಾಡು. ಮಾತ ಬಿಡಬ್ಯಾಡ."

ಆ ಸಂಜೆ ಚಂದ್ರಕಲಾ ಗಂಡನ ಹತ್ತಿರ ಪ್ರಾರ್ಥನೆಗೆ ಕೂತಳು. "ದೇವರೇ" ಎನ್ನುವುದರಾಚೆ ಏನೂ ತೋಚಲಿಲ್ಲ. ಕಡೆಗೆ ಹಳೆಯ ಮನೆಯಲ್ಲಿ ಇಬ್ಬರೂ ಹಾಡುತ್ತಿದ್ದ ಒಂದು ಹಾಡನ್ನು ಮೆಲ್ಲಗೆ ಎತ್ತಿಕೊಂಡಳು. ಮೊದಲ ಸಾಲು ಮುಗಿಯುವ ಮೊದಲೇ ಪಕ್ಕದಿಂದ ಒಂದು ದಪ್ಪ ದನಿ ಕೂಡಿಕೊಂಡಿತು. ದೇವಪುತ್ರ ಹಾಡುತ್ತಿದ್ದ! ಬರೀ ರಾಗವಲ್ಲ, ಒಂದೊಂದು ಶಬ್ದವೂ ಬಿಡಿಬಿಡಿಯಾಗಿ. ಅವಳು ಬೆರಗಾಗಿ ನಿಲ್ಲಿಸಿದಳು, ಅವನೂ ನಿಂತ. ಮತ್ತೆ ಹಿಡಿದಳು, ಮತ್ತೆ ಬಂತು. ಅಡುಗೆಮನೆಯಿಂದ ತಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು. ಮೂವರೂ ಅಳುತ್ತಲೇ ಹಾಡು ಮುಗಿಸಿದರು.

"ಮಾತು ಹೋದರೂ ಕೆಲವರಿಗೆ ಹಾಡು ಉಳಿದಿರ್ತೈತ್ರಿ," ಎಂದರು ಸುದ್ದಿ ಕೇಳಿದ ಆಸ್ಪತ್ರೆಯ ಡಾಕ್ಟರು. "ದಿನಾ ಹಾಡಸ್ರಿ."

ಅಂದಿನಿಂದ ಮನೆಯಲ್ಲಿ ನೀರು, ಚಹಾ, ಅಂಗಿ ಎಲ್ಲಕ್ಕೂ ರಾಗ. ಒಂದು ದಿನ ಅವನು "ಚಂದ್ರಾ" ಎಂದು ರಾಗ ಎಳೆದು ಕರೆದಾಗ ಅವಳು ಬೇಕಂತಲೇ ಮತ್ತೊಮ್ಮೆ ಕರೆಸಿಕೊಂಡಳು. ತಿಂಗಳುಗಳು ಕಳೆದಂತೆ ರಾಗವಿಲ್ಲದ ಮಾತೂ ತಡವರಿಸುತ್ತ ಬರತೊಡಗಿತು. ಬಲಗೈ ಮಾತ್ರ ಹಾಗೇ ಉಳಿಯಿತು, ಕಾರು ಓಡಿಸುವುದು ನಿಂತಿತು.

ಮರುವರ್ಷ ಯಾಕೂಬನ ಉಸ್ತುವಾರಿಯಲ್ಲಿ ಒಣದ್ರಾಕ್ಷಿ ಬಂಗಾರದಂತೆ ಬಂತು. ಅವನು ಫೋನು ಮಾಡಿದ. "ವೈನಿ, ಸಾಂಗ್ಲಿ ವ್ಯಾಪಾರಿ ರವಿವಾರ ಬರತಾನಂತ. ರೇಟ್ ಭಾರಿ ಐತಿ. ನೀವಿಬ್ಬರೂ ಶೆಡ್ಡಿಗೆ ಬರ್ರಿ."

ಚಂದ್ರಕಲಾ ಗಂಡನ ಮುಖ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. "ಸೋಮ... ಸೋಮವಾರ."

"ಅಷ್ಟರಾಗ ರೇಟ್ ಇಳದ್ರ?" ಎಂದಳು ಚಂದ್ರಕಲಾ.

ಅವನು ಶಬ್ದಗಳನ್ನು ಒಂದೊಂದಾಗಿ ಹುಡುಕಿದ. "ಇಳೀಲಿ. ಚೊಲೋ... ಇದ್ದಾಗೂ... ದೇವರು ಬೇಕು."

ಅವಳು ಯಾಕೂಬನಿಗೆ ಸೋಮವಾರವೆಂದೇ ಹೇಳಿದಳು.

ರವಿವಾರ ಇಬ್ಬರೂ ಚರ್ಚಿಗೆಂದು ವಿಜಯಪುರದ ಬಸ್ಸು ಹತ್ತಿದರು. ಕಂಡಕ್ಟರ್ ಬಂದು "ಎಲ್ಲಿಗ್ರಿ?" ಎಂದಾಗ ಚಂದ್ರಕಲಾ ಬಾಯಿ ತೆರೆದಳು. ದೇವಪುತ್ರ ಎಡಗೈ ಎತ್ತಿ ಅವಳನ್ನು ತಡೆದ.

"ವಿಜ... ವಿಜಯಪುರ. ಒಂದು. ಆಕೀದು... ಆಕೀದು ಫ್ರೀ."

"ಆರಾಮ ಹೇಳ್ರಿ ಕಾಕಾ, ಊರು ಇನ್ನೂ ದೂರ ಐತಿ," ಎಂದು ಕಂಡಕ್ಟರ್ ನಕ್ಕು ಟಿಕೆಟು ಹರಿದುಕೊಟ್ಟ. ಚಂದ್ರಕಲಾ ನಗುತ್ತ ಆಧಾರ್ ಕಾರ್ಡು ತೋರಿಸಿದಳು.