ಜಂಬದಕ್ಕ ನಿಜ ಬರೆಸಿದಳು

ತಿಂಗಳ ಇಪ್ಪತ್ತನೇ ತಾರೀಕು ದಾಟಿದರೆ ದುಡಿದು ತಿನ್ನುವವರ ಮನೆಗಳಲ್ಲಿ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಲಿಗೆ ನೀರು ಹೆಚ್ಚುತ್ತದೆ, ತರಕಾರಿ ಚೀಲ ಹಗುರವಾಗುತ್ತದೆ. ಆದರೆ ಮೂರನೇ ಮಹಡಿಯ ಜಂಬದಕ್ಕನ ಮನೆಯಲ್ಲಿ ಹಾಗೇನೂ ಆಗುವುದಿಲ್ಲವಂತೆ. ಯಾರೂ ಕೇಳದಿದ್ದರೂ ಅವಳೇ ಹೇಳಿಕೊಂಡು ತಿರುಗುತ್ತಾಳೆ.

ಅವಳ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳಿಗೆ ದಿನವಿಡೀ ನಿಂತು ಇಸ್ತ್ರಿ ಮಾಡಬೇಕು. ಅವಳು ಮಡಿಸಿದ ಶೀಟಿನಲ್ಲಿ ಒಂದು ಸುಕ್ಕು ತೋರಿಸಿ, ನೋಡೋಣ! ಮನೆಯೂ ಹಾಗೆಯೇ. ಇರುವುದು ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಗಂಡ ಗೋದಾಮಿನ ವಾಚ್‌ಮನ್, ಮಗಳು ಶಾಲೆಗೆ ಹೋಗುತ್ತಾಳೆ, ಜೊತೆಗೆ ವಯಸ್ಸಾದ ಅತ್ತೆ. ನಾಲ್ಕು ಜನ ಕಾಲು ಚಾಚಿದರೆ ಬಾಗಿಲು ಮುಚ್ಚುವುದಿಲ್ಲ. ಆದರೂ ಪಾತ್ರೆಗಳು ಫಳಫಳ ಹೊಳೆಯುತ್ತವೆ.

ಒಂದು ರಜೆಯ ದಿನ ಬೆಳಿಗ್ಗೆ ಕಾರ್ಮಿಕ ಇಲಾಖೆಯಿಂದ ಸರ್ವೆ ಹುಡುಗಿ ಬಂದಳು. ಕನಿಷ್ಠ ವೇತನವನ್ನು ಹೊಸದಾಗಿ ಗೊತ್ತುಮಾಡುವ ಮೊದಲು, ಈ ನಗರದಲ್ಲಿ ಒಂದು ಸಂಸಾರ ನಡೆಸಲು ಏನೇನು ಬೇಕು ಎಂದು ಮನೆಮನೆ ಕೇಳಿ ಬರೆದುಕೊಳ್ಳುತ್ತಿದ್ದಳು. ಎದುರು ಮನೆಯ ಟೈಲರಕ್ಕ ಸಕ್ಕರೆ ಕೇಳಲು ಬಂದವಳು ಅಲ್ಲೇ ಬಾಗಿಲಲ್ಲಿ ನಿಂತಳು.

"ದಿನಕ್ಕೆ ಎಷ್ಟು ಗಂಟೆ ದುಡೀತೀರಾ ಅಕ್ಕ?"

"ಎಂಟು. ನಮ್ಮನೆಯವರೂ ಎಂಟೇ."

"ಕೆಲಸಕ್ಕೆ ಹೇಗೆ ಹೋಗ್ತೀರಾ? ಬಸ್ ಖರ್ಚು?"

"ಬಸ್ಸಾ? ನಡ್ಕೊಂಡೇ ಹೋಗ್ತೀನಿ. ಮೈಗೆ ಒಳ್ಳೇದು."

"ಔಷಧಿ ಖರ್ಚು?"

"ನಮ್ಮತ್ತೆನ ನೋಡು, ಹೇಗಿದಾರೆ! ಗುಂಡುಕಲ್ಲು ಇದ್ದ ಹಾಗೆ."

"ಸಂಬಳ ಸಾಲತ್ತಾ?"

"ಯಾಕಮ್ಮಾ ಸಾಲಲ್ಲ? ನಮಗೇನು ಕಡಿಮೆಯಾಗಿದೆ?"

ಹುಡುಗಿ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಕೆಳಗಿನ ಮನೆಗಳಿಗೆ ಇಳಿದಳು. ಅಷ್ಟು ಹೊತ್ತು ತುಟಿ ಕಚ್ಚಿ ನಿಂತಿದ್ದ ಟೈಲರಕ್ಕ ಒಳಗೆ ಬಂದು ಕುಳಿತೇಬಿಟ್ಟಳು.

"ಎಂಟು ಗಂಟೆನಾ? ಸಂಜೆ ಎರಡು ಮನೇಲಿ ಪಾತ್ರೆ ತಿಕ್ಕೋದು ಯಾರು, ನಿನ್ನ ಅವಳಿ ತಂಗಿನಾ? ನಿಮ್ಮನೆಯವರು ವಾರಕ್ಕೆ ನಾಲ್ಕು ದಿನ ಡಬಲ್ ಡ್ಯೂಟಿ ಮಾಡಲ್ವಾ?"

ಜಂಬದಕ್ಕನ ಮುಖ ಕೆಂಪಾಯಿತು. "ಮೆಲ್ಲಗೆ ಮಾತಾಡೇ! ಅದನ್ನೆಲ್ಲ ಬೀದೀಲಿ ಹೇಳ್ಕೊಳ್ಳೋಕಾಗತ್ತಾ? ಸಂಬಳ ಸಾಲಲ್ಲ ಅಂತ ಗೋಗರೆದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

"ನಿನ್ನ ಮರ್ಯಾದೆ ಉಳೀತು ಬಿಡು. ನಾಳೆ ಸಂಬಳ ಗೊತ್ತುಮಾಡೋ ಕಮಿಟಿ ಕೂತಾಗ ಮಾಲೀಕರ ಕಡೆಯೋರು ಇಂಥ ಫಾರ್ಮುಗಳನ್ನೇ ಎತ್ತಿ ತೋರಿಸ್ತಾರೆ. ನೋಡಿ ಸ್ವಾಮಿ, ಈಗಿನ ಸಂಬಳದಲ್ಲೇ ನಾಲ್ಕು ಜನ ಹಾಯಾಗಿದಾರೆ, ಇನ್ಯಾಕೆ ಜಾಸ್ತಿ ಮಾಡ್ಬೇಕು ಅಂತಾರೆ."

"ನಾನ್ಯಾಕೆ ಅವರ ಪರ ಸಾಕ್ಷಿ ಹೇಳ್ಲಿ?"

"ಹೇಳಾಯ್ತಲ್ಲ ಈಗ! ಸಹಿನೂ ಹಾಕಿದ್ಯಲ್ಲ!"

ಮೂಲೆಯಲ್ಲಿ ಶೂಗೆ ಪಾಲಿಷ್ ಹಾಕುತ್ತಿದ್ದ ಗಂಡ ತಲೆ ಎತ್ತಿದ. "ಬಿಡಿ ಟೈಲರಕ್ಕ. ನಾವೊಬ್ಬರು ಏನು ಬರೆಸಿದ್ರೂ ಮೇಲಿನವರು ಮಾಡೋದನ್ನೇ ಮಾಡ್ತಾರೆ."

"ಎಲ್ಲಾ ಮನೆಯೋರೂ ಹೀಗೇ ಅಂದ್ಕೊಂಡ್ರೆ ಹಾಗೇ ಆಗೋದು, ಭಾವ. ಲೆಕ್ಕ ಹಿಡಿಯೋದು ನಾವು ಹೇಳಿದ್ದರ ಮೇಲೆ. ಮನೆ ಬಾಡಿಗೆ ಒಂದಕ್ಕೇ ಅರ್ಧ ಸಂಬಳ ಹೋಗತ್ತೆ. ಉಳಿದದ್ದರಲ್ಲಿ ಹೊಟ್ಟೆಬಟ್ಟೆ ಕಟ್ಟಿ ಬದುಕ್ತಿರೋದು ಯಾವ ಫಾರ್ಮಲ್ಲಿದೆ?"

ಆಗ ಮಂಚದ ಮೇಲಿದ್ದ ಅತ್ತೆ ಕೆಮ್ಮಿದರು. ದಿಂಬಿನ ಕೆಳಗೆ ಕೈ ಹಾಕಿ ಮಾತ್ರೆಯ ಪಟ್ಟಿ ತೆಗೆದರು. "ದಿನಾ ಒಂದು ಅಂದಿದಾರೆ ಡಾಕ್ಟ್ರು. ನಾನು ದಿನ ಬಿಟ್ಟು ದಿನ ತಗೊಳ್ತಿದೀನಿ. ಪಟ್ಟಿ ಬೇಗ ಮುಗಿದ್ರೆ ನಿನಗೆ ಕಷ್ಟ ಅಲ್ವೇನೇ ಮಗಳೇ."

ಜಂಬದಕ್ಕ ಆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಿಂಗಳು ಮುಗಿಯುತ್ತ ಬಂದಿತ್ತು, ಪಟ್ಟಿಯಲ್ಲಿ ಅರ್ಧದಷ್ಟು ಮಾತ್ರೆಗಳು ಹಾಗೇ ಕೂತಿದ್ದವು. ನನ್ನ ಮನೆಯಲ್ಲಿ! ನಾನು ಇಷ್ಟು ಚೆನ್ನಾಗಿ ನಡೆಸುತ್ತೇನೆಂದು ಊರಿಗೆಲ್ಲ ಹೇಳಿಕೊಳ್ಳುವ ಮನೆಯಲ್ಲಿ! ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಅತ್ತೆ, ಇವತ್ತಿಂದ ದಿನಾ ನುಂಗಬೇಕು. ನಾನೇ ಎದುರಿಗೆ ನಿಂತು ನುಂಗಿಸ್ತೀನಿ," ಎಂದಳು. ಆಮೇಲೆ ಟೈಲರಕ್ಕನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು, "ಈಗ ಹೋಗಿ ತಿದ್ದಿಸಿದ್ರೆ ಭಿಕ್ಷೆ ಬೇಡಿದ ಹಾಗಾಗಲ್ವಾ?"

"ಭಿಕ್ಷೆನಾ? ನೀನು ಇಸ್ತ್ರಿ ಮಾಡಿದ ಶೀಟಿನ ಮೇಲೆ ಈ ಊರಿಗೆ ಬಂದೋರೆಲ್ಲ ಮಲಗೆದ್ದು ಹೋಗ್ತಾರೆ ಕಣೇ. ನಿನ್ನ ಕೆಲಸಕ್ಕೆ ಬೆಲೆ ಕೇಳ್ತಿದೀಯ, ಯಾರ ದಾನಾನೂ ಅಲ್ಲ."

ಅಷ್ಟು ಸಾಕಾಯಿತು. ಜಂಬದಕ್ಕ ದಡದಡ ಮೆಟ್ಟಿಲಿಳಿದಳು. ಹುಡುಗಿ ನೆಲಮಹಡಿಯ ಪೇಂಟರನ ಮನೆ ಮುಗಿಸಿ ಚೀಲ ಹೆಗಲಿಗೇರಿಸುತ್ತಿದ್ದಳು.

"ನಿಲ್ಲಮ್ಮಾ! ನಾನು ಸುಳ್ಳು ಬರೆಸಿದೀನಿ."

ಹುಡುಗಿ ಕಕ್ಕಾಬಿಕ್ಕಿಯಾದಳು. ಮೆಟ್ಟಿಲ ಮೇಲೆ ನೆರೆಹೊರೆಯವರು ಬಗ್ಗಿ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು ಜಂಬದಕ್ಕ.

"ಎಂಟು ಗಂಟೆ ಅಂದೆ. ಹೊಡೆದು ಹಾಕು. ಲಾಂಡ್ರಿ ಮುಗಿಸಿ ಎರಡು ಮನೇಲಿ ಪಾತ್ರೆ ತಿಕ್ತೀನಿ, ಹನ್ನೊಂದು ಗಂಟೆ ಅಂತ ಬರಿ. ನಮ್ಮನೆಯವರದು ಡಬಲ್ ಡ್ಯೂಟಿ. ಬಸ್ಸಿಗೆ ಕೊಡೋಕಾಗಲ್ಲ ಅಂತ ನಡ್ಕೊಂಡು ಹೋಗೋದು, ಮೈಗೆ ಒಳ್ಳೇದು ಅಂತಲ್ಲ. ಅತ್ತೆಗೆ ದಿನಾ ಮಾತ್ರೆ ಬೇಕು, ತಿಂಗಳಿಗೆ ಪೂರ್ತಿ ಮೂವತ್ತು ಬರಿ."

"ತಿದ್ದಿದ ಕಡೆಯೆಲ್ಲ ಸಹಿ ಹಾಕ್ಬೇಕಾಗತ್ತೆ ಅಕ್ಕ."

"ಎಷ್ಟು ಕಡೆ ಬೇಕಾದ್ರೂ ಹಾಕ್ತೀನಿ."

ಅವಳು ಸಹಿ ಹಾಕುತ್ತಿರುವಾಗ ಪೇಂಟರ್ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ. "ನಂದೂ ಒಂದೆರಡು ತಿದ್ದೋದಿತ್ತು ಕಣಮ್ಮಾ." ಎರಡನೇ ಮಹಡಿಯಿಂದಲೂ ಯಾರೋ ಕೂಗಿದರು, ನಮ್ಮನೆಗೂ ಇನ್ನೊಂದ್ಸಲ ಬಂದು ಹೋಗು ಎಂದು. ಹುಡುಗಿ ನಕ್ಕು ಚೀಲವನ್ನು ಮತ್ತೆ ಕೆಳಗಿಟ್ಟಳು.

"ಅಕ್ಕ, ಕೊನೇಲಿ ಒಂದು ಖಾಲಿ ಜಾಗ ಇದೆ. ನೀವು ಹೇಳೋದೇನಾದ್ರೂ ಇದೆಯಾ?"

ಜಂಬದಕ್ಕ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ನಿಂತಳು. ಗಂಡನೂ ಇಳಿದು ಬಂದು ಪಕ್ಕದಲ್ಲಿ ನಿಂತಿದ್ದ.

"ಬರಿ. ನಾನು ಒಳ್ಳೆ ಕೆಲಸಗಾರ್ತಿ. ಎಂಟು ಗಂಟೆ ಮೈಮುರಿದು ದುಡೀತೀನಿ. ಆ ಎಂಟು ಗಂಟೆಯ ಸಂಬಳದಲ್ಲಿ ನನ್ನ ಮನೆ ನಡೀಬೇಕು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಯಾರಾದರೂ ಹೀಗೆ ಕೇಳಿಕೊಂಡು ಬಂದಾರು. ಕೂರಿಸಿ, ನೀರು ಕೊಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಾಡಿಗೆ, ಬಸ್ಸು, ಮಾತ್ರೆ, ಮಕ್ಕಳ ಶಾಲೆ, ಏನನ್ನೂ ಬಿಡಬೇಡಿ. ದುಡ್ಡಿಲ್ಲದೆ ಕೈಬಿಟ್ಟದ್ದನ್ನೂ ಹೇಳಿ, ಯಾಕೆಂದರೆ ಅದೂ ಬದುಕಿಗೆ ಬೇಕಾದದ್ದೇ. ನೀವು ಮಾಡುವ ಕೆಲಸಕ್ಕೆ ಈಗ ಗೊತ್ತುಮಾಡಿರುವ ಕನಿಷ್ಠ ವೇತನ ಎಷ್ಟು, ಅಷ್ಟಾದರೂ ನಿಮ್ಮ ಕೈಗೆ ಬರುತ್ತಿದೆಯೇ ಎಂದು ಕಾರ್ಮಿಕ ಇಲಾಖೆಯಲ್ಲೋ ಸಂಘದಲ್ಲೋ ವಿಚಾರಿಸಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ದುಡಿಯುವ ಕೈ ನಿಮ್ಮದು, ತಲೆ ಎತ್ತಿ ಕೇಳಿ.