ಎಡಪುಟ

ಅಮ್ಮನ ಹೊಲಿಗೆ ಡಬ್ಬಿಯಿಂದ ತಂದ ದಾರವನ್ನು ಎರಡೂ ಕೈಯ ಬೆರಳಿಗೆ ಸುತ್ತಿಕೊಂಡು, ಅಂಟಿಕೊಂಡಿದ್ದ ಪುಟಗಳ ನಡುವೆ ಮೆಲ್ಲಗೆ ತೂರಿಸಿದಳು. ಒಂದಿಷ್ಟು ಒಳಗೆ ಹೋದ ದಾರ ಅಲ್ಲೇ ನಿಂತಿತು. ಇನ್ನೂ ಚೂರು ಎಳೆದಾಗ ಚರ್ರೆಂದಿತು. ಅವಳೇ ಅಂಟಿಸಿದ್ದ ಫೋಟೋದ ಮೂಲೆಯಲ್ಲಿ ಉಗುರಿನಷ್ಟು ಬಣ್ಣ ಕಿತ್ತು ಬಂದು ಬಿಳಿ ಕಾಗದ ಕಂಡಿತು. ದಾರ ಬಿಟ್ಟು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಪುಸ್ತಕ ಬೆಳಿಗ್ಗೆಯಷ್ಟೇ ಕೊರಿಯರ್‌ನಲ್ಲಿ ಬಂದಿತ್ತು, ಹನ್ನೊಂದು ತಿಂಗಳ ಮೇಲೆ. ಕಳಿಸಿದವಳು ಚಿಕ್ಕಿ. ಅಮ್ಮನ ತಂಗಿಯಾದರೂ ಇವಳಿಗಿಂತ ಆರೇ ವರ್ಷ ದೊಡ್ಡವಳು; ಒಂದೇ ಕೋಣೆಯಲ್ಲಿ ಬೆಳೆದವರು. ಮದುವೆಯಾಗಿ ದೂರದ ಊರಿಗೆ ಹೊರಟಾಗ ಈ ಆಟ ಹೂಡಿದವಳೂ ಚಿಕ್ಕಿಯೇ. ದಪ್ಪ ರಟ್ಟಿನದೊಂದು ಪುಸ್ತಕ. ಎಡಪುಟದಲ್ಲಿ ಇವಳು ಮನೆಯಲ್ಲೇ ಪ್ರಿಂಟ್ ಮಾಡಿದ ಫೋಟೋ ಅಂಟಿಸಿ, ಕೆಳಗೊಂದು ಪ್ರಶ್ನೆ ಬರೆದು ಕಳಿಸಬೇಕು. ಬಲಪುಟದಲ್ಲಿ ಚಿಕ್ಕಿ ತನ್ನ ಫೋಟೋ ಅಂಟಿಸಿ ಉತ್ತರ ಕೊಡಬೇಕು. ಇವಳು ಕೇಳುವುದು, ಚಿಕ್ಕಿ ಹೇಳುವುದು, ಚಿಕ್ಕಂದಿನಿಂದಲೂ ಹಾಗೇ. ಮೊದಲ ವರ್ಷ ಪುಸ್ತಕ ಆರು ಸಲ ಹೋಗಿ ಬಂದಿತ್ತು. ಮರುವರ್ಷ ಮೂರು ಸಲ. ಆಮೇಲೆ ಚಿಕ್ಕಿಗೆ ಮಗುವಾಯಿತು.

ಫೋಟೋ ಕಾಗದದ ವಿದ್ಯೆಯನ್ನೂ ಚಿಕ್ಕಿಯೇ ಕಲಿಸಿದ್ದಳು. ಮಂದ ಹೊಳಪಿನ ಆ ದಪ್ಪ ಹಾಳೆಯ ಎರಡು ಬದಿಯೂ ನೋಡಲು ಒಂದೇ ಥರ. ಮೂಲೆಯನ್ನು ತುಟಿಗೆ ತಾಗಿಸಿದರೆ ಯಾವ ಬದಿ ಚೂರು ಅಂಟುತ್ತದೋ, ಶಾಯಿ ಕುಡಿಯುವುದು ಆ ಬದಿಯೇ. ಪ್ರಿಂಟ್ ಆದಮೇಲೆ ಒಂದು ಇಡೀ ದಿನ ಹಾಗೇ ಬಿಡಬೇಕು. ಕೈಗೆ ಒಣಗಿದಂತಿದ್ದರೂ ಒಳಗೆ ಹಸಿ ಇರುತ್ತದೆ. ಒಮ್ಮೆ ಅವಸರಪಟ್ಟು ಎರಡು ಫೋಟೋಗಳನ್ನು ಎದುರುಬದುರು ಮುಚ್ಚಿಟ್ಟು ಹಾಳುಮಾಡಿದ್ದಕ್ಕೆ ಚಿಕ್ಕಿ ಎರಡು ದಿನ ಮಾತು ಬಿಟ್ಟಿದ್ದಳು.

ಆ ಚಿಕ್ಕಿಯೇ ಹಸಿ ಫೋಟೋ ಅಂಟಿಸಿ ಪುಸ್ತಕ ಮುಚ್ಚಿದ್ದಳು.

ಇವಳು ಕಳಿಸಿದ್ದು ಕೋಣೆಯ ಫೋಟೋ. ಚಿಕ್ಕಿಯ ಮಂಚವಿದ್ದ ಜಾಗದಲ್ಲಿ ಈಗ ಮೇಜು, ಮೇಜಿನ ಮೇಲೆ ಪ್ರಿಂಟರ್. ಕೆಳಗೆ ಬರೆದಿದ್ದಳು: 'ಈಗ ಇಲ್ಲಿ ಇವನದೇ ಸಂಸಾರ. ರಾತ್ರಿ ನಿನ್ನಷ್ಟು ಗೊರಕೆ ಹೊಡೆಯಲ್ಲ. ನಿನ್ನ ಕಿಟಕಿಯಿಂದ ಏನು ಕಾಣುತ್ತೆ?'

ಉತ್ತರ ಆ ಪ್ರಶ್ನೆಗೇ ಮುಖ ಕೊಟ್ಟು ಅಂಟಿಕೊಂಡಿತ್ತು. ಪುಟವನ್ನೆತ್ತಿ ಬಿಸಿಲಿಗೆ ಹಿಡಿದಳು. ಎರಡು ಹಾಳೆಗಳ ಆಚೆ ಒಂದು ಕಪ್ಪು ಚೌಕ ಕಂಡಂತಾಯಿತು. ಅದು ಚಿಕ್ಕಿಯ ಕಿಟಕಿಯೋ, ತನ್ನದೇ ಪ್ರಿಂಟರೋ ತಿಳಿಯಲಿಲ್ಲ.

ಹಜಾರದಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಗಿರಾಕಿಯೊಬ್ಬರ ರವಿಕೆಯ ತೋಳು ಹಿಡಿದುಕೊಂಡೇ ಅಮ್ಮ ಬಾಗಿಲಿಗೆ ಬಂದು, ದಾರದ ಉಂಡೆ ಇಲ್ಲಿದೆಯಾ ಎಂದು ಕೇಳಿದರು. ಮಗಳ ಮುಖ ನೋಡಿ, ಪುಸ್ತಕ ನೋಡಿದರು.

"ಅದೇನು ಆಸ್ತಿ ಪತ್ರಾನಾ, ಹೀಗೆ ಕೂತಿರೋಕೆ? ಯಾವ ಫೋಟೋ ಅಂತ ಕೇಳಿದ್ರೆ ಆಯ್ತಪ್ಪ. ನನ್ನ ತಂಗಿಗೆ ಫೋನ್ ಮಾಡೋಕೂ ನಿಂಗೆ ಗಳಿಗೆ ನೋಡ್ಬೇಕಾ?"

ಅಮ್ಮ ಹೋದಮೇಲೆ, ಹಾಳಾದ ಪ್ರಿಂಟೊಂದರ ಹಿಂದೆ ಕೇಳಬೇಕಾದದ್ದನ್ನು ಮೂರು ಸಾಲು ಬರೆದುಕೊಂಡಳು. ಮೂರನೆಯ ಸಾಲು, ಮುಂದಿನ ಪುಟ ಯಾವಾಗ ಕಳಿಸಲಿ ಎಂಬುದು. ಆಮೇಲೆ ಫೋನ್ ಮಾಡಿದಳು.

ಚಿಕ್ಕಿ ಮೊದಲ ರಿಂಗಿಗೇ ಎತ್ತಿಕೊಂಡಳು. ಹಿಂದೆ ಮಗು ತಟ್ಟೆ ಬಡಿಯುತ್ತಿತ್ತು. ಮಗುವಿಗೆ ನಾಲ್ಕು ಹಲ್ಲು ಬಂದದ್ದು, ಕಚ್ಚುವುದು, ರಾತ್ರಿಯೆಲ್ಲ ಎಚ್ಚರವಿರುವುದು ಎಲ್ಲ ಒಂದೇ ಉಸಿರಿನಲ್ಲಿ ಬಂತು. ಇವಳು ಹೂಂ ಹೂಂ ಅಂದಳು. ನಡುವೆ ಒಂದು ಸಂದು ಸಿಕ್ಕಾಗ ಮೊದಲ ಸಾಲು ಓದಿದಳು.

"ಯಾವ ಫೋಟೋ ಹಾಕಿದ್ದೆ, ಚಿಕ್ಕಿ?"

"ಯಾಕೆ ಗೂಬೆ, ನಿನ್ನೆದುರಿಗೇ ಇದೆಯಲ್ಲ?" ಚಿಕ್ಕಿ ನಕ್ಕಳು. "ನಂಗೆ ನೆನಪಿದ್ರೆ ಕೇಳು. ಎಷ್ಟು ತಿಂಗಳಿಂದ ಇಟ್ಕೊಂಡಿದ್ದೆ, ಮೊನ್ನೆ, ಇವತ್ತು ಕಳಿಸಿಬಿಡೋಣ ಅಂತ ಮೊಬೈಲಲ್ಲಿ ಕೈಗೆ ಸಿಕ್ಕಿದ್ದನ್ನ ಪ್ರಿಂಟ್ ಹಾಕ್ದೆ. ಕೊರಿಯರ್‌ನವನು ಬಾಗಿಲಲ್ಲೇ ನಿಂತಿದ್ದ. ಚೆನ್ನಾಗಿ ಬಂದಿದೆಯಾ?"

ಬಾಯಿ ತೆರೆದವಳು ಕಿತ್ತುಹೋದ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು.

"ತುಂಬಾ ಚೆನ್ನಾಗಿ ಬಂದಿದೆ."

"ಅಬ್ಬ, ಬೈತೀಯೇನೋ ಅಂದ್ಕೊಂಡಿದ್ದೆ." ತಟ್ಟೆಯ ಸದ್ದು ನಿಂತು ಅಳು ಶುರುವಾಯಿತು. ಚಿಕ್ಕಿಯ ದನಿ ಫೋನಿನಿಂದ ದೂರ ಹೋಗಿ ಮತ್ತೆ ಹತ್ತಿರ ಬಂತು. "ಇಲ್ನೋಡು, ಪುಸ್ತಕ ಇನ್ನು ನಿನ್ನ ಹತ್ರಾನೇ ಇರ್ಲಿ ಕಣೆ. ಇಲ್ಲಿಗೆ ಬಂದ್ರೆ ಇವನು ಹರಿದು ತಿಂತಾನೆ. ನೀನೇ ತುಂಬಿಸ್ತಾ ಇರು, ಬಂದಾಗ ಕೂತು ನೋಡೋಣ. ಆಯ್ತಾ?"

ಇವಳು ಆಯ್ತು ಅಂದಳು. ಮೂರನೆಯ ಸಾಲು ಹಾಗೇ ಉಳಿಯಿತು.

ಯಾವುದಂತೆ ಎಂದು ಅಮ್ಮ ಹಜಾರದಿಂದಲೇ ಕೂಗಿ ಕೇಳಿದರು. ಕಿಟಕಿಯದು, ಎಂದಳು. ಯಂತ್ರ ಮತ್ತೆ ಓಡತೊಡಗಿತು.

ಅಂಟಿದ ಪುಟಗಳನ್ನು ಒಟ್ಟಿಗೇ ಮಗುಚಿ ಹೊಸ ಪುಟ ತೆರೆದಳು. ಎಡಗಡೆಯೂ ಖಾಲಿ, ಬಲಗಡೆಯೂ ಖಾಲಿ. ಎದ್ದು ಪ್ರಿಂಟರಿನ ಗುಂಡಿ ಒತ್ತಿದಳು. ಅದು ಗೊರಗುಟ್ಟಿ ಎಚ್ಚರಗೊಂಡಿತು. ಪೊಟ್ಟಣದಿಂದ ಒಂದು ಹಾಳೆ ತೆಗೆದು, ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿದಳು. ಎರಡು ಬದಿಯೂ ಬೆಳ್ಳಗೆ, ಒಂದೇ ಥರ.

ಮೂಲೆಯನ್ನು ತುಟಿಗೆ ತಾಗಿಸಿದಳು. ಕಾಗದ ಒಂದು ಗಳಿಗೆ ಹಿಡಿದುಕೊಂಡು, ಬಿಟ್ಟಿತು.